268 ಬಂದಿದೆ, ಇಂಜೆಕ್ಷನ್ ತಗೊಳ್ಳಲಾ ಡಾಕ್ಟ್ರೇ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನನಗೆ 62 ವರ್ಷ. ಮಂಡ್ಯ ಪಕ್ಕದ ಹಳ್ಳಿ. ಸರ್ಕಾರಿ ಕೆಲಸದಿಂದ ನಿವೃತ್ತನಾಗಿ ಎರಡು ವರ್ಷ ಆಯಿತು. ಸಕ್ಕರೆ ಕಾಯಿಲೆ 11 ವರ್ಷದಿಂದ ಇದೆ, ಮೂರು ತಿಂಗಳ ಸರಾಸರಿ ಈ ಸಲ 8.9. ಬಿಪಿಗೂ ಮಾತ್ರೆ ತಗೊಳ್ಳುತ್ತೇನೆ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳಬೇಕಾಗುತ್ತಿತ್ತು. ಅದಕ್ಕೆ ಎರಡು ವರ್ಷದ ಹಿಂದೆ ಪ್ರಾಸ್ಟೇಟ್ ಮಾತ್ರೆ ಶುರು ಮಾಡಿದರು. ಅದರ ಮೇಲೆ ಟ್ಯಾಮ್ಸುಲೋಸಿನ್, ಡ್ಯೂಟಾಸ್ಟರೈಡ್ ಅಂತ ಇದೆ. ಸುಮಾರು ಎರಡು ವರ್ಷದಿಂದ ನನಗೆ ಆ ವಿಷಯದಲ್ಲಿ ಆಸೆಯೇ ಇಲ್ಲ. ಮನೆಯವಳು ಏನೂ ಅನ್ನುವುದಿಲ್ಲ, ಇಬ್ಬರು ಮೊಮ್ಮಕ್ಕಳ ಜೊತೆ ಹಾಲ್‌ನಲ್ಲಿ ಮಲಗುತ್ತಾಳೆ. ಹೋದ ತಿಂಗಳು ಡೆಂಗಿ ಬಂದು ಐದು ದಿನ ಆಸ್ಪತ್ರೆಯಲ್ಲಿದ್ದೆ. ಮನೆಗೆ ಬಂದು ಹತ್ತು ದಿನಕ್ಕೆ ಬೆಂಗಳೂರಿಗೆ ಹೋಗಿದ್ದಾಗ ಅಲ್ಲಿ ಪುರುಷರ ಕ್ಲಿನಿಕ್ ಒಂದರಲ್ಲಿ ಸಂಜೆ 4 ಗಂಟೆಗೆ ರಕ್ತ ತೆಗೆದರು. ಗಂಡಸರ ಹಾರ್ಮೋನ್ ಟೆಸ್ಟೋಸ್ಟಿರಾನ್ 268 ಬಂತು. ಪ್ರಾಸ್ಟೇಟ್‌ಗೆ ಅಂತ ಮಾಡುವ ಪಿಎಸ್‌ಎ ರಕ್ತ ಪರೀಕ್ಷೆ 2.6, ಅದು ನಾರ್ಮಲ್ ಅಂದರು. ಆರು ಇಂಜೆಕ್ಷನ್‌ಗಳ ಪ್ಯಾಕೇಜ್ ಇದೆ, ತಗೊಂಡರೆ ಹುಡುಗನ ಹಾಗೆ ಆಗುತ್ತೀರಿ ಅಂದರು. ತಗೊಳ್ಳಲಾ? ದಯವಿಟ್ಟು ಹೆಸರು ಹಾಕಬೇಡಿ.

ಉತ್ತರ: ನಮಸ್ಕಾರ ಸ್ವಾಮಿ. ಸದ್ಯಕ್ಕೆ ತಗೊಳ್ಳಬೇಡಿ. ಪ್ಯಾಕೇಜಿಗೆ ಮುಂಗಡ ಕೊಟ್ಟಿಲ್ಲ ಅಂದುಕೊಂಡಿದ್ದೇನೆ. ಮುಂದೆ ನಿಮಗೆ ಈ ಹಾರ್ಮೋನ್ ಬೇಕಾಗಲೂಬಹುದು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಈ ಒಂದು ಚೀಟಿ ನಂಬಿಕೊಂಡು ಶುರು ಮಾಡುವುದು ಬೇಡ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಕ್ಲಿನಿಕ್‌ನವರು 268 ಅನ್ನುವ ಅಂಕಿ ಮಾತ್ರ ನೋಡಿದ್ದಾರೆ. ನೀವು ಬರೆದ ಬಾಕಿ ಸಾಲುಗಳಲ್ಲಿ ಅದಕ್ಕಿಂತ ಜಾಸ್ತಿ ವಿಷಯ ಇದೆ.

ನೀವು ನೇರವಾಗಿ ಕೇಳಿದ್ದು ಒಳ್ಳೆಯದಾಯಿತು. ಮೈಸೂರಿನ ನನ್ನ ಕ್ಲಿನಿಕ್‌ಗೆ ಬರುವ ನಿಮ್ಮ ವಯಸ್ಸಿನವರು ಮಂಡಿ ನೋವು, ಗ್ಯಾಸು, ಪಾದದ ಉರಿ ಎಲ್ಲ ಹೇಳುತ್ತಾರೆ. ಚೀಟಿ ಮಡಚಿ ಜೇಬಿಗೆ ಹಾಕಿ, ಎದ್ದು, ಬಾಗಿಲಿಗೆ ಕೈ ಹಾಕಿದ ಮೇಲೆ ತಿರುಗಿ ನಿಂತು "ಇನ್ನೊಂದ್ ವಿಷ್ಯ ಡಾಕ್ಟ್ರೇ..." ಅನ್ನುತ್ತಾರೆ. ಅವರು ಬಂದದ್ದೇ ಆ ಇನ್ನೊಂದು ವಿಷಯಕ್ಕೆ! ಮೊದಮೊದಲು ನಾನು ಮುಂದಿನ ಟೋಕನ್ ಕರೆದುಬಿಡುತ್ತಿದ್ದೆ. ಈಗ "ಬನ್ನಿ, ಕೂತ್ಕೊಳ್ಳಿ" ಅನ್ನುತ್ತೇನೆ.

ಇನ್ನು 268ರ ಕಥೆ. ಟೆಸ್ಟೋಸ್ಟಿರಾನ್ ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಬೆಳಿಗ್ಗೆ ಜಾಸ್ತಿ, ಸಂಜೆಗೆ ಕಮ್ಮಿ. ವಯಸ್ಸಾದವರಲ್ಲಿ ಈ ಏರಿಳಿತ ಹುಡುಗರಷ್ಟು ಇರುವುದಿಲ್ಲ, ಆದರೂ ಇರುತ್ತದೆ. ಊಟ ಮಾಡಿದ ಮೇಲೂ ಇಳಿಯುತ್ತದೆ. ಬರೀ ಗ್ಲೂಕೋಸ್ ನೀರು ಕುಡಿಸಿ ನೋಡಿದಾಗಲೇ ಸರಾಸರಿ ಕಾಲು ಭಾಗ ಇಳಿದದ್ದು ಕಂಡಿದೆ. ಅದಕ್ಕೇ ಈ ಪರೀಕ್ಷೆಗೆ ರಕ್ತ ಕೊಡಬೇಕಾದ್ದು ಬೆಳಿಗ್ಗೆ 7ರಿಂದ 10ರ ಒಳಗೆ, ಖಾಲಿ ಹೊಟ್ಟೆಯಲ್ಲಿ. ನಿಮ್ಮದನ್ನು ಮಧ್ಯಾಹ್ನದ ಊಟ ಆಗಿ 4 ಗಂಟೆಗೆ ತೆಗೆದಿದ್ದಾರೆ. "ಬೆಳಿಗ್ಗೆ ಬನ್ನಿ" ಅಂದರೆ ಸಾಲದು ಅಂತ ನನಗೂ ತಡವಾಗಿ ಗೊತ್ತಾಯಿತು. ಮದ್ದೂರು ಕಡೆಯ ಒಬ್ಬರು ಬೆಳಿಗ್ಗೆಯೇ ಹೊರಟು, ದಾರಿಯಲ್ಲಿ ಇಡ್ಲಿ ವಡೆ ತಿಂದು, ಕಾಫಿ ಕುಡಿದು 11 ಗಂಟೆಗೆ ಬಂದು ತೋಳು ಚಾಚಿದ್ದರು. ಅವರ ಲೆಕ್ಕದಲ್ಲಿ ಅದು ಬೆಳಿಗ್ಗೆಯೇ ಅಲ್ವಾ?

ಎರಡನೆಯದು ಡೆಂಗಿ. ಜೋರು ಕಾಯಿಲೆ ಬಂದಾಗ ದೇಹ ಈ ಹಾರ್ಮೋನ್ ತಯಾರಿಕೆಯನ್ನು ತಾನೇ ತಗ್ಗಿಸುತ್ತದೆ. ಜೀವ ಉಳಿಸಿಕೊಳ್ಳುವ ಹೊತ್ತಿನಲ್ಲಿ ಸಂಸಾರದ ಆಸೆ ಅದಕ್ಕೆ ಮುಖ್ಯವಲ್ಲ. ಜ್ವರ ಬಿಟ್ಟ ಕೂಡಲೇ ಅಳೆದರೆ ಕಡಿಮೆ ಬರುವುದು ಸಹಜ. ಪೂರ್ತಿ ಸುಧಾರಿಸಿಕೊಂಡು ಒಂದೆರಡು ತಿಂಗಳು ಕಳೆದ ಮೇಲೆ ಮಾಡಿಸಬೇಕು.

ಮೂರನೆಯದು ಆ ಅಂಕಿಯೇ. ಅಮೆರಿಕದ ಮೂತ್ರರೋಗ ತಜ್ಞರ ಸಂಘ 300ಕ್ಕಿಂತ ಕೆಳಗೆ ಇದ್ದರೆ ಕಡಿಮೆ ಅನ್ನುತ್ತದೆ. ಅಲ್ಲಿನದೇ ಹಾರ್ಮೋನ್ ತಜ್ಞರ ಸಂಘ, ಬೊಜ್ಜಿಲ್ಲದ ಆರೋಗ್ಯವಂತ ಯುವಕರನ್ನು ಅಳೆದು, 264ರ ಹತ್ತಿರ ಗೆರೆ ಎಳೆದಿದೆ. ನಿಮ್ಮ 268 ಒಬ್ಬರ ಗೆರೆಯ ಪ್ರಕಾರ ಫೇಲು, ಇನ್ನೊಬ್ಬರ ಗೆರೆಯ ಪ್ರಕಾರ ಪಾಸು. ಅದಕ್ಕೇ ಒಂದೇ ಸಲ ನೋಡಿ ಯಾರೂ ತೀರ್ಮಾನ ಮಾಡಬಾರದು. ಮೊದಲ ಸಲ ಕಡಿಮೆ ಬಂದವರಲ್ಲಿ ಹತ್ತಕ್ಕೆ ಸುಮಾರು ಮೂರು ಮಂದಿಗೆ ಮತ್ತೆ ಮಾಡಿಸಿದಾಗ ನಾರ್ಮಲ್ ಬರುತ್ತದೆ. ಬೇರೆ ಬೇರೆ ದಿನ, ಎರಡು ಸಲ, ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ ಕಡಿಮೆ ಬಂದರೆ ಮಾತ್ರ ಕಡಿಮೆ. ಎರಡು ಸಲವೂ ಒಂದೇ ಲ್ಯಾಬ್ ಆದರೆ ಒಳ್ಳೆಯದು. ಕೆಲವು ಲ್ಯಾಬ್‌ಗಳು 2.68 ಅಂತಲೋ 9.3 ಅಂತಲೋ ಕೊಡುತ್ತವೆ. ಅಳತೆ ಬೇರೆ, ವಿಷಯ ಅದೇ. ಗಾಬರಿ ಬೇಡ.

ಈ ಹಾರ್ಮೋನಿನ ಹೆಚ್ಚಿನ ಭಾಗ ರಕ್ತದಲ್ಲಿ ಪ್ರೋಟೀನಿಗೆ ಅಂಟಿಕೊಂಡು ಓಡಾಡುತ್ತದೆ. ಸಕ್ಕರೆ ಕಾಯಿಲೆ ಇದ್ದು ಹೊಟ್ಟೆ ಬಂದವರಲ್ಲಿ ಇದನ್ನು ಬಿಗಿಯಾಗಿ ಹಿಡಿದುಕೊಳ್ಳುವ ಪ್ರೋಟೀನ್ ಕಮ್ಮಿ ಇರುತ್ತದೆ. ಆಗ ಒಟ್ಟು ಲೆಕ್ಕ ಕಡಿಮೆ ಕಾಣುತ್ತದೆ, ಬಿಡಿಯಾಗಿ ಓಡಾಡಿ ಕೆಲಸ ಮಾಡುವ ಭಾಗ ಸರಿಯಾಗಿಯೇ ಇರಬಹುದು. ಗಡಿಯಲ್ಲಿ ನಿಂತ 268ರಂಥ ಅಂಕಿ ಬಂದಾಗ ಆ ಬಿಡಿ ಭಾಗವನ್ನೂ ಲೆಕ್ಕ ಹಾಕಬೇಕು. ಅದಕ್ಕೆ ಎಸ್‌ಎಚ್‌ಬಿಜಿ ಅನ್ನುವ ಪ್ರೋಟೀನ್ ಅಳೆಯುತ್ತಾರೆ.

ಎರಡು ಸಲವೂ ಕಡಿಮೆ ಬಂತು ಅನ್ನಿ. ಆಗಲೂ ಇಂಜೆಕ್ಷನ್ ಅಲ್ಲ, ಇನ್ನೊಂದು ಪ್ರಶ್ನೆ: ಯಾಕೆ ಕಡಿಮೆ? ನಿಮ್ಮ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ನಾಲೆಯ ಕೊನೆಯ ಗದ್ದೆಗೆ ನೀರು ಬರಲಿಲ್ಲ. ಕೆಆರ್‌ಎಸ್‌ನಲ್ಲಿ ನೀರೇ ಬಿಟ್ಟಿಲ್ಲವೋ, ಬಿಟ್ಟರೂ ನಾಲೆ ಒಡೆದಿದೆಯೋ? ಟೆಸ್ಟೋಸ್ಟಿರಾನ್ ತಯಾರಾಗುವುದು ವೃಷಣದಲ್ಲಿ. ತಯಾರು ಮಾಡು ಅಂತ ಹೇಳಿ ಕಳಿಸುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ಅದು ಕಳಿಸುವ ಸಂದೇಶದ ಹೆಸರು ಎಲ್‌ಎಚ್. ಎಲ್‌ಎಚ್ ಜಾಸ್ತಿ ಇದ್ದೂ ಟೆಸ್ಟೋಸ್ಟಿರಾನ್ ಕಡಿಮೆ ಇದ್ದರೆ ತೊಂದರೆ ಕೆಳಗೆ. ಎಲ್‌ಎಚ್ ಕೂಡ ಏರದೇ ಸುಮ್ಮನಿದ್ದರೆ ತೊಂದರೆ ಮೇಲೆ. ಆಗ ಪ್ರೊಲ್ಯಾಕ್ಟಿನ್ ಅನ್ನುವ ಇನ್ನೊಂದು ಹಾರ್ಮೋನ್, ಥೈರಾಯ್ಡ್ ನೋಡುತ್ತೇವೆ. ಅಂಕಿ ತೀರಾ ಕೆಳಗಿದ್ದರೆ ಅಥವಾ ತಲೆನೋವು, ಪಕ್ಕದ ದೃಷ್ಟಿ ಮಂಕಾಗುವುದು ಇದ್ದರೆ ಪಿಟ್ಯುಟರಿಯ ಎಂಆರ್‌ಐ ಬೇಕಾಗುತ್ತದೆ. ಬೊಜ್ಜು, ಸಕ್ಕರೆ, ಬಹಳ ದಿನ ತಗೊಂಡ ಸ್ಟೀರಾಯ್ಡ್ ಮಾತ್ರೆ, ಟ್ರಮಡಾಲ್‌ನಂಥ ಜೋರು ನೋವಿನ ಮಾತ್ರೆ ಇವೂ ಮೇಲಿನಿಂದಲೇ ತಡೆಯುತ್ತವೆ. ಇದನ್ನೆಲ್ಲ ನೋಡದೆ ಚುಚ್ಚಿದರೆ ನಾಲೆಗೆ ಟ್ಯಾಂಕರ್ ನೀರು ಸುರಿದ ಹಾಗೆ.

ಈಗ ನಿಮ್ಮ ಪತ್ರದಲ್ಲಿ ನನ್ನ ಕಣ್ಣನ್ನು ಹಿಡಿದು ನಿಲ್ಲಿಸಿದ ಮಾತಿಗೆ ಬರುತ್ತೇನೆ. "ಎರಡು ವರ್ಷ" ಅನ್ನುವುದನ್ನು ನೀವು ಮೂರು ಕಡೆ ಬರೆದಿದ್ದೀರಿ. ನಿವೃತ್ತಿಯಾಗಿ ಎರಡು ವರ್ಷ. ಪ್ರಾಸ್ಟೇಟ್ ಮಾತ್ರೆ ಶುರುವಾಗಿ ಎರಡು ವರ್ಷ. ಆಸೆ ಹೋಗಿ ಎರಡು ವರ್ಷ. ವಯಸ್ಸಿನ ಜೊತೆ ಟೆಸ್ಟೋಸ್ಟಿರಾನ್ ಇಳಿಯುವುದು ನಿಜ, ಆದರೆ ಅದು ನಲವತ್ತರ ಆಸುಪಾಸಿನಿಂದ ವರ್ಷಕ್ಕೆ ನೂರಕ್ಕೆ ಒಂದರ ಲೆಕ್ಕದಲ್ಲಿ ನಿಧಾನವಾಗಿ ಇಳಿಯುತ್ತದೆ. ಇಂಥ ತಿಂಗಳಿಂದ ಅಂತ ಹೇಳುವ ಹಾಗೆ ಆಸೆ ನಿಂತರೆ ಆ ತಿಂಗಳಲ್ಲಿ ಮನೆಯಲ್ಲಿ, ಮನಸ್ಸಿನಲ್ಲಿ, ಮಾತ್ರೆ ಡಬ್ಬಿಯಲ್ಲಿ ಏನು ಬದಲಾಯಿತು ಅಂತ ಹುಡುಕಬೇಕು.

ಡ್ಯೂಟಾಸ್ಟರೈಡ್ ಮಾಡುವ ಕೆಲಸ ಇಷ್ಟು. ಟೆಸ್ಟೋಸ್ಟಿರಾನ್ ದೇಹದಲ್ಲಿ ಡಿಎಚ್‌ಟಿ ಅನ್ನುವ ಇನ್ನೂ ಖಾರವಾದ ಹಾರ್ಮೋನ್ ಆಗಿ ಬದಲಾಗುತ್ತದೆ. ಮೂತ್ರನಾಳದ ಸುತ್ತ ಇರುವ ಪ್ರಾಸ್ಟೇಟ್ ಗ್ರಂಥಿ ಬೆಳೆಯುವುದು ಈ ಡಿಎಚ್‌ಟಿಯಿಂದ. ಮಾತ್ರೆ ಆ ಬದಲಾವಣೆಯನ್ನು ತಡೆಯುತ್ತದೆ. ಗ್ರಂಥಿ ಕುಗ್ಗುತ್ತದೆ, ಮೂತ್ರ ಸರಾಗವಾಗುತ್ತದೆ. ಒಳ್ಳೆಯ ಮಾತ್ರೆಯೇ. ಆದರೆ ಅದನ್ನು ತಗೊಳ್ಳುವವರಲ್ಲಿ ಕೆಲವರಿಗೆ ಆಸೆ ಕುಗ್ಗುತ್ತದೆ, ನಿಮಿರುವಿಕೆ ಸಡಿಲವಾಗುತ್ತದೆ. ಎಲ್ಲರಿಗೂ ಅಲ್ಲ. ಜೊತೆಯಲ್ಲಿರುವ ಟ್ಯಾಮ್ಸುಲೋಸಿನ್‌ನಿಂದ ಕೆಲವರಿಗೆ ವೀರ್ಯ ಹೊರಗೆ ಬರುವುದು ಕಮ್ಮಿಯಾಗುತ್ತದೆ. ಅದನ್ನು ಕಂಡು "ಎಲ್ಲ ಬತ್ತಿ ಹೋಯಿತು" ಅಂತ ಹೆದರಿ ದೂರ ಸರಿದವರನ್ನು ನೋಡಿದ್ದೇನೆ. ಮಾತ್ರೆ ಬರೆದುಕೊಡುವಾಗ ಇದನ್ನು ಒಂದು ಮಾತು ಹೇಳಬೇಕು. ನಾವು ಡಾಕ್ಟರುಗಳು ಹೇಳುವುದಿಲ್ಲ, ಸಮಯವಿಲ್ಲ ಅನ್ನುತ್ತೇವೆ. ಅದು ನಮ್ಮ ತಪ್ಪು.

ಇದನ್ನು ಓದಿ ನಾಳೆಯಿಂದ ಮಾತ್ರೆ ಬಿಟ್ಟುಬಿಡಬೇಡಿ ಸ್ವಾಮಿ. ದಿಢೀರನೆ ಮೂತ್ರ ಕಟ್ಟಿಕೊಂಡು ಮಧ್ಯರಾತ್ರಿ ಟ್ಯೂಬ್ ಹಾಕಿಸಿಕೊಳ್ಳುವ ಪಾಡು ಬೇಡ. ಬರೆದುಕೊಟ್ಟ ಮೂತ್ರರೋಗ ತಜ್ಞರನ್ನೇ ಕೇಳಿ: ಡ್ಯೂಟಾಸ್ಟರೈಡ್ ನಿಲ್ಲಿಸಿ ಟ್ಯಾಮ್ಸುಲೋಸಿನ್ ಒಂದೇ ಇಟ್ಟು ನೋಡಬಹುದಾ? ಗ್ರಂಥಿ ಎಷ್ಟು ದೊಡ್ಡದಿದೆ ಅನ್ನುವುದರ ಮೇಲೆ ಅವರು ಹೇಳುತ್ತಾರೆ. ನಿಲ್ಲಿಸಿದರೂ ಈ ಔಷಧ ದೇಹದಿಂದ ಹೋಗಲು ತಿಂಗಳುಗಟ್ಟಲೆ ಬೇಕು. ಹದಿನೈದು ದಿನದಲ್ಲಿ ಫಲ ನೋಡಬೇಡಿ.

ಇದೇ ಮಾತ್ರೆಯಿಂದ ಇನ್ನೊಂದು ಮುಖ್ಯ ವಿಷಯ ಮರೆಯಾಗಿದೆ. ಪಿಎಸ್‌ಎ 2.6, ನಾರ್ಮಲ್ ಅಂದರು ಅಲ್ವಾ? ಡ್ಯೂಟಾಸ್ಟರೈಡನ್ನು ಆರು ತಿಂಗಳಿಗಿಂತ ಜಾಸ್ತಿ ತಗೊಂಡವರಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ರಿಪೋರ್ಟಿನ ಅಂಕಿಯನ್ನು ಎರಡರಿಂದ ಗುಣಿಸಿ ಓದಬೇಕು. ನಿಮ್ಮ 2.6 ನಿಜವಾಗಿ 5.2ರ ಹತ್ತಿರ. ಪಿಎಸ್‌ಎ 4 ದಾಟಿದ್ದರೆ ಮೂತ್ರರೋಗ ತಜ್ಞರು ನೋಡದೆ ಟೆಸ್ಟೋಸ್ಟಿರಾನ್ ಶುರು ಮಾಡುವ ಹಾಗಿಲ್ಲ. 5.2 ಅಂದ ಕೂಡಲೇ ಕ್ಯಾನ್ಸರ್ ಅಂತ ಅಲ್ಲ. ದೊಡ್ಡದಾದ ಗ್ರಂಥಿಯಿಂದಲೂ, ಮೂತ್ರದ ಸೋಂಕಿನಿಂದಲೂ ಏರುತ್ತದೆ. ಆದರೆ ನೋಡಿಸಬೇಕು. ನೀವು ಯಾವ ಮಾತ್ರೆ ತಿನ್ನುತ್ತೀರಿ ಅಂತ ಆ ಕ್ಲಿನಿಕ್‌ನಲ್ಲಿ ಯಾರಾದರೂ ಕೇಳಿದ್ದರೆ ಈ ಲೆಕ್ಕ ಅಲ್ಲೇ ಆಗುತ್ತಿತ್ತು. ಒಂದು ಕಡೆ ಪ್ರಾಸ್ಟೇಟಿಗೆ ಬ್ರೇಕ್ ಹಾಕುವ ಮಾತ್ರೆ, ಇನ್ನೊಂದು ಕಡೆ ಆಕ್ಸಿಲರೇಟರ್ ಒತ್ತುವ ಇಂಜೆಕ್ಷನ್. ಯಾರಿಗೆ ಲಾಭ?

ಬಿಪಿ ಮಾತ್ರೆಯ ಹೆಸರು ನೀವು ಬರೆದಿಲ್ಲ. ಅಟೆನೋಲಾಲ್‌ನಂಥ ಹಳೆಯ ಬೀಟಾ ಬ್ಲಾಕರ್, ಮೂತ್ರ ಹೆಚ್ಚು ಮಾಡುವ ಮಾತ್ರೆ ಕೆಲವರಲ್ಲಿ ಈ ತೊಂದರೆ ಕೊಡುತ್ತವೆ. ಬದಲಿ ಇದೆ, ಕೇಳಿದರೆ ಬದಲಾಯಿಸುತ್ತಾರೆ. ಪಾಂಡವಪುರ ಕಡೆಯ ಒಬ್ಬರು ತಮ್ಮ ಮಾತ್ರೆಗಳನ್ನೆಲ್ಲ ಬಟ್ಟೆ ಅಂಗಡಿಯ ಕವರಿನಲ್ಲಿ ತುಂಬಿಕೊಂಡು ಬಂದಿದ್ದರು. ಟೇಬಲ್ ಮೇಲೆ ಸುರಿದೆವು. ಹನ್ನೊಂದು ಶೀಟು. ಎರಡು ಬೇರೆ ಹೆಸರಿನಲ್ಲಿ ಒಂದೇ ಬಿಪಿ ಮಾತ್ರೆ, ಎರಡನ್ನೂ ನುಂಗುತ್ತಿದ್ದರು. ನಿದ್ದೆಗೆ ಅಂತ ಯಾರೋ ಕೊಟ್ಟಿದ್ದು ನೋಡಿದರೆ ಖಿನ್ನತೆಯ ಮಾತ್ರೆ. ಅದು ಆಸೆ ಕುಗ್ಗಿಸುವುದರಲ್ಲಿ ಹೆಸರಾದದ್ದು. ಅವರಿಗೆ ನಾನು ಹೊಸದಾಗಿ ಏನನ್ನೂ ಬರೆಯಲಿಲ್ಲ. ಒಂದನ್ನು ಕಿತ್ತೆ, ಇನ್ನೊಂದನ್ನು ಬರೆದುಕೊಟ್ಟವರ ಹತ್ತಿರ ಮಾತಾಡಿ ನಿಧಾನವಾಗಿ ಇಳಿಸಿದೆವು. ಮೂರು ತಿಂಗಳಿಗೆ ಬಂದವರು ಬಾಗಿಲ ಹತ್ತಿರ ತಿರುಗಿ ನಿಲ್ಲಲಿಲ್ಲ.

ಸಕ್ಕರೆ 8.9 ಇದೆ. ಅದು ಕಡಿಮೆಯಾಗದೆ ಬೇರೆ ಏನು ಮಾಡಿದರೂ ಅರ್ಧಂಬರ್ಧ. ಸಕ್ಕರೆ ಕಾಯಿಲೆ ರಕ್ತನಾಳ, ನರ ಎರಡನ್ನೂ ತಿನ್ನುತ್ತದೆ. ಹೊಟ್ಟೆಯ ಕೊಬ್ಬು ಟೆಸ್ಟೋಸ್ಟಿರಾನನ್ನು ಹೆಣ್ಣು ಹಾರ್ಮೋನ್ ಆಗಿ ಬದಲಾಯಿಸುತ್ತದೆ. ತೂಕ ಇಳಿದರೆ ಟೆಸ್ಟೋಸ್ಟಿರಾನ್ ತಾನಾಗೇ ಏರುತ್ತದೆ, ಜಾಸ್ತಿ ಇಳಿದಷ್ಟೂ ಜಾಸ್ತಿ. ಮುದ್ದೆ ಬಸ್ಸಾರು ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ, ಮುದ್ದೆಯ ಗಾತ್ರ ಇಳಿಸಿ ಅನ್ನುತ್ತೇನೆ. ಆದರೆ ಮಂಡ್ಯ ಕಡೆಯವರ ಹತ್ತಿರ ಒಂದು ವಿಷಯಕ್ಕೆ ಜಗಳ ಇದ್ದೇ ಇದೆ. "ಸಕ್ಕರೆ ಮುಟ್ಟಲ್ಲ ಡಾಕ್ಟ್ರೇ, ಬರೀ ಆಲೆಮನೆ ಬೆಲ್ಲ" ಅನ್ನುತ್ತಾರೆ. ಬೆಲ್ಲವೂ ಅದೇ ಕಬ್ಬಿನ ಮಗ. ರಕ್ತಕ್ಕೆ ಹೋದ ಮೇಲೆ ಅದಕ್ಕೂ ಸಕ್ಕರೆಗೂ ವ್ಯತ್ಯಾಸ ಇಲ್ಲದಷ್ಟು ಕಮ್ಮಿ.

ಗೊರಕೆ ಹೊಡೆಯುತ್ತೀರಾ? ನಿಮಗೆ ಗೊತ್ತಿರುವುದಿಲ್ಲ, ಮನೆಯವರನ್ನು ಕೇಳಿ. ಒಬ್ಬ ಅಮ್ಮ ಹೇಳಿದ್ದು ನನಗೆ ಇನ್ನೂ ನೆನಪಿದೆ: "ಆಲೆಮನೆ ಇಂಜಿನ್ ಓಡ್ದಂಗೆ ಓಡ್ತದೆ ಸಾ, ನಡ್ವೆ ನಿಂತೋಯ್ತದೆ. ನಾನು ಎದ್ದು ಅಳ್ಳಾಡುಸ್ತೀನಿ, ಆಮೇಲೆ ಮತ್ತೆ ಶುರುವಾಯ್ತದೆ." ಪುಸ್ತಕದಲ್ಲಿ ಸ್ಲೀಪ್ ಅಪ್ನಿಯಾ ಬಗ್ಗೆ ಇದಕ್ಕಿಂತ ಚೆನ್ನಾಗಿ ಬರೆದಿಲ್ಲ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವವರಿಗೆ ಹಗಲೆಲ್ಲ ಸುಸ್ತು, ಆಸೆಯೂ ಕಮ್ಮಿ. ರಾತ್ರಿ ಮೂತ್ರಕ್ಕೆ ಪದೇಪದೇ ಏಳುವುದಕ್ಕೂ ಇದು ಕಾರಣವಾಗಬಹುದು. ಇದು ಜೋರಾಗಿದ್ದು ಚಿಕಿತ್ಸೆ ಆಗಿಲ್ಲದವರಿಗೆ ಟೆಸ್ಟೋಸ್ಟಿರಾನ್ ಕೊಡಬಾರದು. ಕುಡಿತದ ಬಗ್ಗೆಯೂ ನೀವು ಬರೆದಿಲ್ಲ. ಇಲ್ಲ ಅಂದುಕೊಳ್ಳುತ್ತೇನೆ. ಇದ್ದರೆ ಅದೂ ಲೆಕ್ಕಕ್ಕೆ ಸೇರಿಸಿ.

ನಿವೃತ್ತಿಯ ವಿಷಯ. ಮೂವತ್ತು ಮೂವತ್ತೈದು ವರ್ಷ ಬೆಳಿಗ್ಗೆ ಟಿಫನ್ ಡಬ್ಬಿ ಹಿಡಿದು ಹೊರಟವರು ಒಂದು ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದು ಕೂರುತ್ತಾರೆ. ಆಮೇಲೆ ಏನು? ನಿಮಗೆ ಬರೀ ಆ ಒಂದು ಆಸೆ ಹೋಗಿದೆಯಾ, ಇಲ್ಲ ಗದ್ದೆ ಕಡೆ ಹೋಗುವುದು, ಅರಳಿಕಟ್ಟೆಯಲ್ಲಿ ಹರಟೆ, ಹಬ್ಬ, ಊಟ ಎಲ್ಲದರ ಆಸೆಯೂ ಹೋಗಿದೆಯಾ? ಎಲ್ಲವೂ ಸಪ್ಪೆ ಅನ್ನಿಸುತ್ತಿದ್ದರೆ, ಬೆಳಗಿನ ಜಾವ 3ಕ್ಕೇ ಎಚ್ಚರವಾಗಿ ಮನಸ್ಸು ಭಾರವಾಗುತ್ತಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಬೇರೆ ದಾರಿ ಇದೆ, ಹಾರ್ಮೋನ್ ಅಲ್ಲ.

ಮನೆಯವರ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. "ಏನೂ ಅನ್ನುವುದಿಲ್ಲ." ಏನೂ ಅನ್ನದೇ ಇರುವುದಕ್ಕೆ ನೂರು ಕಾರಣ ಇರಬಹುದು ಸ್ವಾಮಿ. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಒಳಗೆ ಒಣಗುತ್ತದೆ, ಸೇರಿದರೆ ನೋವಾಗುತ್ತದೆ. ನೋವು ಅಂತ ಹೇಳಲು ನಾಚಿಕೆ. ಮೊಮ್ಮಕ್ಕಳ ಪಕ್ಕ ಹೋಗಿ ಮಲಗಿಬಿಡುತ್ತಾರೆ. ಗಂಡ ಅದನ್ನು ನೋಡಿ ಇವಳಿಗೆ ಬೇಡ ಅಂದುಕೊಳ್ಳುತ್ತಾನೆ, ಹೆಂಡತಿ ಇವರಿಗೆ ಬೇಡ ಅಂದುಕೊಳ್ಳುತ್ತಾಳೆ. ಹೆಂಗಸರ ಡಾಕ್ಟರ್ ಹತ್ತಿರ ಒಣಗುವುದಕ್ಕೆ ಒಳ್ಳೆಯ ಕ್ರೀಮ್ ಇದೆ. ಅವರನ್ನು ಕೇಳದೆ ನೀವೊಬ್ಬರೇ ಆರು ಇಂಜೆಕ್ಷನ್ ತಗೊಂಡು ಹುಡುಗನಾಗಿ ಮನೆಗೆ ಹೋದರೆ ಅವರ ಗತಿ ಏನು? ಇಬ್ಬರೂ ಕೂತು ಮಾತಾಡಿ ನಮಗೆ ಇಷ್ಟೇ ಸಾಕು, ಈಗ ಚೆನ್ನಾಗಿದ್ದೇವೆ ಅಂತ ಅನ್ನಿಸಿದರೆ ಅದು ಕಾಯಿಲೆಯಲ್ಲ. ಅದಕ್ಕೆ ಔಷಧವೂ ಬೇಕಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ, ಎರಡು ಸಲ ಅಂಕಿ ಕಡಿಮೆ ಬಂದು, ಆಸೆಯೂ ಬಾರದೆ, ನಿಮಗೆ ಅದು ಬೇಕು ಅಂತ ಇದ್ದರೆ? ಆಗ ಟೆಸ್ಟೋಸ್ಟಿರಾನ್ ಕೊಡುತ್ತೇವೆ. ನಾನೂ ಕೊಡುತ್ತೇನೆ, ಅದರಿಂದ ಸುಖವಾಗಿರುವವರೂ ಇದ್ದಾರೆ. ಆದರೆ ಅಂಥವರು ತುಂಬಾ ಮಂದಿ ಇಲ್ಲ. ಯುರೋಪಿನಲ್ಲಿ 40ರಿಂದ 79 ವರ್ಷದ ಗಂಡಸರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾರ್ಮೋನೂ ಕಡಿಮೆ ಇದ್ದು ಲೈಂಗಿಕ ಲಕ್ಷಣಗಳೂ ಇದ್ದವರು ನೂರಕ್ಕೆ ಸುಮಾರು ಇಬ್ಬರು ಮಾತ್ರ.

ಅದು ಏನು ಕೊಡುತ್ತದೆ? 2016ರಲ್ಲಿ ಅಮೆರಿಕದ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಬಂತು. 65 ದಾಟಿದವರು, ಹಾರ್ಮೋನ್ 275ಕ್ಕಿಂತ ಕಡಿಮೆ ಇದ್ದವರು. 51,085 ಜನರನ್ನು ಜರಡಿ ಹಿಡಿದು 790 ಜನರನ್ನು ಆರಿಸಿದ್ದರು. ಅರ್ಧ ಜನರಿಗೆ ಒಂದು ವರ್ಷ ಟೆಸ್ಟೋಸ್ಟಿರಾನ್ ಜೆಲ್, ಇನ್ನರ್ಧಕ್ಕೆ ಔಷಧವಿಲ್ಲದ ಜೆಲ್. ಹಾರ್ಮೋನ್ ತಗೊಂಡವರಲ್ಲಿ ಆಸೆ ಹೆಚ್ಚಿತು, ನಿಮಿರುವಿಕೆಯೂ ಸ್ವಲ್ಪ ಸುಧಾರಿಸಿತು. ಆದರೆ ಲಾಭ ಸಾಧಾರಣ, ವರ್ಷದ ಕೊನೆಗೆ ಅದೂ ಇಳಿಮುಖ. ಹುಮ್ಮಸ್ಸು ಬರುತ್ತದೆ, ಸುಸ್ತು ಓಡಿಹೋಗುತ್ತದೆ ಅನ್ನುತ್ತಾರಲ್ಲ, ಅದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ನೆನಪಿನ ಶಕ್ತಿಯೂ ಹೆಚ್ಚಲಿಲ್ಲ. ರಕ್ತಹೀನತೆ ಇದ್ದವರಲ್ಲಿ ಹಿಮೋಗ್ಲೋಬಿನ್ ಏರಿತು, ಅದು ನಿಜ. ಹುಡುಗನ ಹಾಗೆ ಯಾರೂ ಆಗಲಿಲ್ಲ.

ಹೃದಯದ ಬಗ್ಗೆ ಬಹಳ ವರ್ಷ ಗೊಂದಲ ಇತ್ತು. 2023ರಲ್ಲಿ ಐದು ಸಾವಿರಕ್ಕೂ ಹೆಚ್ಚು ಗಂಡಸರ ಮೇಲಿನ ಪ್ರಯೋಗ ಪ್ರಕಟವಾಯಿತು. ಎಲ್ಲರೂ ಹೃದಯದ ಕಾಯಿಲೆ ಇದ್ದವರು ಅಥವಾ ಅದರ ಅಪಾಯ ಇದ್ದವರು, ಅಂದರೆ ಸುಮಾರು ನಿಮ್ಮಂಥವರೇ. ಹೃದಯಾಘಾತ, ಪಾರ್ಶ್ವವಾಯು, ಹೃದಯದಿಂದಾಗುವ ಸಾವು ಹಾರ್ಮೋನ್ ತಗೊಂಡವರಲ್ಲಿ ಜಾಸ್ತಿಯಾಗಲಿಲ್ಲ: 7.0 ಪ್ರತಿಶತ, ಔಷಧವಿಲ್ಲದವರಲ್ಲಿ 7.3. ಸಮಾಧಾನದ ಸುದ್ದಿ. ಆದರೆ ಎದೆಬಡಿತ ತಾಳ ತಪ್ಪುವುದು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು, ಕಿಡ್ನಿಗೆ ದಿಢೀರ್ ತೊಂದರೆ ಇವು ಸ್ವಲ್ಪ ಜಾಸ್ತಿ ಕಂಡವು. ಮೂಳೆ ಗಟ್ಟಿಯಾಗಿ ಮುರಿತ ಕಮ್ಮಿಯಾಗುತ್ತದೆ ಅಂದುಕೊಂಡಿದ್ದೆವು, ಅದೂ ತಿರುಗುಮುರುಗಾಯಿತು. ಹಾರ್ಮೋನ್ ತಗೊಂಡವರಲ್ಲಿ 3.5 ಪ್ರತಿಶತ, ತಗೊಳ್ಳದವರಲ್ಲಿ ಸುಮಾರು 2.5 ಪ್ರತಿಶತ ಜನ ಮೂಳೆ ಮುರಿದುಕೊಂಡರು. ಯಾಕೆ ಅಂತ ಇನ್ನೂ ಚರ್ಚೆ ನಡೆಯುತ್ತಿದೆ.

ಎಲ್ಲಕ್ಕಿಂತ ಸಾಮಾನ್ಯ ತೊಂದರೆ ರಕ್ತ ಗಟ್ಟಿಯಾಗುವುದು. ರಿಪೋರ್ಟಿನಲ್ಲಿ ಪಿಸಿವಿ ಅಂತ ಇರುತ್ತದೆ, ರಕ್ತದಲ್ಲಿ ಕೆಂಪು ಕಣಗಳ ಪಾಲು ನೂರಕ್ಕೆ ಎಷ್ಟು ಅನ್ನುವ ಲೆಕ್ಕ. ಅದು 54 ದಾಟಿದರೆ ಔಷಧ ನಿಲ್ಲಿಸಬೇಕು. ಎರಡು ಮೂರು ವಾರಕ್ಕೊಮ್ಮೆ ಚುಚ್ಚುವ ಇಂಜೆಕ್ಷನ್‌ನಲ್ಲಿ ಇದು ಜಾಸ್ತಿ. ಶುರು ಮಾಡುವ ಮೊದಲು, ಮೂರರಿಂದ ಆರು ತಿಂಗಳ ನಡುವೆ, ವರ್ಷಕ್ಕೆ, ಆಮೇಲೆ ಪ್ರತಿ ವರ್ಷ ಪಿಸಿವಿ ನೋಡಬೇಕು. ಪಿಎಸ್‌ಎಯನ್ನೂ ಮೊದಲ ವರ್ಷ ಹೀಗೇ ನೋಡಬೇಕು. ನಿಮ್ಮ ಪ್ಯಾಕೇಜಿನಲ್ಲಿ ಆರು ಇಂಜೆಕ್ಷನ್ ಇದೆ. ರಕ್ತ ಪರೀಕ್ಷೆ ಎಷ್ಟಿದೆ ಕೇಳಿ ನೋಡಿ. ಪ್ರಾಸ್ಟೇಟ್ ಅಥವಾ ಸ್ತನದ ಕ್ಯಾನ್ಸರ್ ಇದ್ದವರಿಗೆ, ಆರು ತಿಂಗಳ ಒಳಗೆ ಹೃದಯಾಘಾತವೋ ಪಾರ್ಶ್ವವಾಯುವೋ ಆದವರಿಗೆ, ಹತೋಟಿಯಲ್ಲಿಲ್ಲದ ಹಾರ್ಟ್ ಫೇಲ್ಯೂರ್ ಇದ್ದವರಿಗೆ ಇದು ಬೇಡ. ಮಕ್ಕಳು ಬೇಕು ಅನ್ನುವವರಿಗಂತೂ ಬೇಡವೇ ಬೇಡ. ಹೊರಗಿನಿಂದ ಹಾರ್ಮೋನ್ ಬಂದರೆ ವೃಷಣ ಕೆಲಸ ನಿಲ್ಲಿಸುತ್ತದೆ, ವೀರ್ಯಾಣು ಸೊನ್ನೆಗೆ ಬರಬಹುದು. ಗಂಡಸರ ಗರ್ಭನಿರೋಧಕವಾಗಿ ಇದನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಒಂದು ಕಾಲದಲ್ಲಿ ಪ್ರಯೋಗ ಮಾಡಿತ್ತು. ಇದು ನಿಮಗಲ್ಲ, ಜಿಮ್‌ಗೆ ಹೋಗುವ ಮಗನೋ ಅಳಿಯನೋ ಇದ್ದರೆ ಅವರ ಕಿವಿಗೆ.

ಜೆಲ್ ಭುಜಕ್ಕೆ ದಿನಾ ಹಚ್ಚಿಕೊಳ್ಳುವುದು. ಮಟ್ಟ ಸಮನಾಗಿರುತ್ತದೆ. ಆದರೆ ನಿಮ್ಮ ಮನೆಯಲ್ಲಿ ಇಬ್ಬರು ಮೊಮ್ಮಕ್ಕಳು. ತಾತನ ಹೆಗಲ ಮೇಲೆ ಹತ್ತದ ಮಕ್ಕಳು ಉಂಟೇ? ಹಚ್ಚಿದ ಜಾಗಕ್ಕೆ ಮಗುವಿನ ಚರ್ಮ ತಾಗಿದರೆ ಔಷಧ ಮಗುವಿಗೆ ಹೋಗುತ್ತದೆ. ಪುಟ್ಟ ಮಕ್ಕಳಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಕೂದಲು ಬಂದದ್ದು, ಅಂಗ ಬೆಳೆದದ್ದು ಆಗಿ, 2009ರಲ್ಲಿ ಅಮೆರಿಕದ ಔಷಧ ಇಲಾಖೆ ಪೊಟ್ಟಣದ ಮೇಲೇ ಎಚ್ಚರಿಕೆ ಹಾಕಿಸಿತು. ಹಾಗಾಗಿ ನಿಮಗೆ ಬೇಕಾದರೂ ಜೆಲ್ ನನ್ನ ಮೊದಲ ಆಯ್ಕೆಯಲ್ಲ. ಸುಮಾರು ಮೂರು ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಇದೆ, ಬೆಲೆ ಜಾಸ್ತಿ. ಆಸೆಯಲ್ಲಿ ವ್ಯತ್ಯಾಸ ಕಾಣಲು ಮೂರರಿಂದ ಆರು ವಾರ ಬೇಕು. ಆರು ತಿಂಗಳು, ಹೆಚ್ಚೆಂದರೆ ವರ್ಷ ನೋಡಿ, ಏನೂ ಬದಲಾಗದಿದ್ದರೆ ನಿಲ್ಲಿಸಬೇಕು.

"ಚುಚ್ಚಿಸಿಕೊಂಡ ಮಾರನೇ ದಿನವೇ ಗೊತ್ತಾಯ್ತು" ಅನ್ನುವವರೂ ಇದ್ದಾರೆ. ಇದು ಹಳೆಯ ಕಥೆ. 1889ರಲ್ಲಿ ಪ್ಯಾರಿಸ್‌ನಲ್ಲಿ ಬ್ರೌನ್ ಸೆಕಾರ್ ಅನ್ನುವ 72 ವರ್ಷದ ದೊಡ್ಡ ವಿಜ್ಞಾನಿ ನಾಯಿಯ ವೃಷಣದ ರಸ ಚುಚ್ಚಿಕೊಂಡು, ಯೌವನ ಮರಳಿತು ಅಂತ ಸಭೆಯಲ್ಲಿ ಘೋಷಿಸಿದರು. ಅವರು ತಯಾರಿಸಿದ ನೀರಿನ ರಸದಲ್ಲಿ ಹಾರ್ಮೋನ್ ಇದ್ದದ್ದು ಇಲ್ಲವೆನ್ನುವಷ್ಟು ಕಮ್ಮಿ. ಕೆಲಸ ಮಾಡಿದ್ದು ನಂಬಿಕೆ.

ನಮ್ಮ ಬಸ್ ಸ್ಟ್ಯಾಂಡ್ ಗೋಡೆಗಳ ಮೇಲೂ ಆ ನಂಬಿಕೆಯ ವ್ಯಾಪಾರ ಇದೆ: ಲಾಡ್ಜು, ರೂಮ್ ನಂಬರು, ತಿಂಗಳ ಇಂಥ ಭಾನುವಾರ. ಆ ಪುಡಿಗಳಲ್ಲಿ ಕೆಲವಕ್ಕೆ ಸಿಲ್ಡೆನಾಫಿಲ್ ಬೆರೆಸಿರುತ್ತಾರೆ, ಹೇಳುವುದಿಲ್ಲ. ಎದೆನೋವಿಗೆ ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಇಟ್ಟುಕೊಳ್ಳುವವರು ಆ ಪುಡಿಯನ್ನೂ ತಿಂದರೆ ಬಿಪಿ ಪಾತಾಳಕ್ಕೆ ಇಳಿದು ಪ್ರಾಣಕ್ಕೇ ಬರುತ್ತದೆ. ಡಾಕ್ಟರ್ ಬರೆದುಕೊಡುವ ಸಿಲ್ಡೆನಾಫಿಲ್ ಒಳ್ಳೆಯ ಔಷಧ, ಆದರೆ ಅದು ನಿಮಿರುವಿಕೆಗೆ, ಆಸೆಗೆ ಅಲ್ಲ. ಆಸೆ ಇದ್ದು ಅಂಗ ಸಹಕರಿಸದವರಿಗೆ ಅದು. ನಿಮ್ಮ ಪತ್ರದಲ್ಲಿ ಇರುವುದು ಆಸೆಯ ಮಾತು. ಬೆಳಗಿನ ಜಾವ ತಾನಾಗೇ ನಿಮಿರುತ್ತದೆಯೋ ಇಲ್ಲವೋ ಗಮನಿಸಿ, ನೋಡುವ ಡಾಕ್ಟರಿಗೆ ಅದನ್ನು ಹೇಳಿ. ಅದು ತುಂಬಾ ಉಪಯೋಗಕ್ಕೆ ಬರುತ್ತದೆ. ಇನ್ನು, ಸಕ್ಕರೆ ಕಾಯಿಲೆಯವರಿಗೆ ನಿಮಿರುವಿಕೆ ಸಡಿಲವಾದರೆ ಅದನ್ನು ಹೃದಯದ ರಕ್ತನಾಳದ ಮುನ್ಸೂಚನೆ ಅಂತಲೂ ನೋಡಬೇಕು. ಇಸಿಜಿ ಮಾಡಿಸಿ ಎಷ್ಟು ದಿನವಾಯಿತು?

ಈಗ ಮಾಡಬೇಕಾದ್ದು. ಮೊದಲು ಮೂತ್ರರೋಗ ತಜ್ಞರ ಹತ್ತಿರ ಹೋಗಿ ಪಿಎಸ್‌ಎ ಮತ್ತು ಡ್ಯೂಟಾಸ್ಟರೈಡ್ ಎರಡರ ಬಗ್ಗೆಯೂ ಕೇಳಿ. ಇದನ್ನು ತಡ ಮಾಡಬೇಡಿ. ಡೆಂಗಿಯ ಸುಸ್ತು ಪೂರ್ತಿ ಹೋದ ಮೇಲೆ ಒಂದು ಬೆಳಿಗ್ಗೆ ಎಂಟರ ಹೊತ್ತಿಗೆ ಕಾಫಿಯನ್ನೂ ಕುಡಿಯದೆ ಲ್ಯಾಬ್‌ಗೆ ಹೋಗಿ. ಇದಕ್ಕೆ ಮೈಸೂರಿಗೆ ಬರಬೇಕಾಗಿಲ್ಲ, ಮಂಡ್ಯದಲ್ಲೇ ಆಗುತ್ತದೆ. ಸಕ್ಕರೆ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ತಿಂಡಿಯ ಜೊತೆ ತಗೊಳ್ಳಿ. ಟೆಸ್ಟೋಸ್ಟಿರಾನ್ ಜೊತೆಗೆ ಪಿಸಿವಿ ನೋಡಲು ಹೇಳಿ. ಕಡಿಮೆ ಬಂದರೆ ಒಂದೆರಡು ವಾರ ಬಿಟ್ಟು ಮತ್ತೊಮ್ಮೆ ಕೊಡಿ, ಆಗ ಎಲ್‌ಎಚ್, ಪ್ರೊಲ್ಯಾಕ್ಟಿನ್ ಸೇರಿಸಿ. ಮಾತ್ರೆಗಳನ್ನೆಲ್ಲ, ಆಯುರ್ವೇದದ್ದು, ಅಂಗಡಿಯವನು ಕೊಟ್ಟದ್ದು ಸೇರಿಸಿ, ಒಂದು ಕವರಿಗೆ ಹಾಕಿಕೊಳ್ಳಿ. ಯಾವ ಡಾಕ್ಟರ್ ಹತ್ತಿರ ಹೋದರೂ ಮನೆಯವರನ್ನೂ ಕರೆದುಕೊಂಡು ಹೋಗಿ. ಹೊರಗೆ ಕುರ್ಚಿಯಲ್ಲಿ ಕೂರಿಸಿ ಬರಬೇಡಿ, ಒಳಗೇ ಕರೆತನ್ನಿ. ಗೊರಕೆಯ ವಿಷಯ ಅವರೇ ಹೇಳಬೇಕು.